ಯುದ್ಧಕಾಲದಲ್ಲಿ ಸ್ತ್ರೀಯರ ದುಡಿಮೆಯೂ ಗೆಳೆತನವೂ

‘ಎರಡು ಜಡೆ ಒಂದೆಡೆ ಸೇರುವುದಿಲ್ಲ’ ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಂದ ಮಾತು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ನಂಬಿದವರು ನಾವು. ಆದುದರಿಂದ ಈ ಮಾತನ್ನು ಯಾರೂ ಪರೀಕ್ಷೆಗೆ ಒಡ್ಡುವ ಗೋಜಿಗೆ ಹೋಗಲಿಲ್ಲ. ಅತ್ತೆ ಸೊಸೆಯರು, ವಾರಗಿತ್ತಿಯರು, ನೆರೆಮನೆಯವರು ಒಂದು ಮಾತಿಗೆ ಮುನಿದರೆ ಸಾಕು, ಗಾದೆಯನ್ನು ಹೇಳಿ ನಕ್ಕು ಸುಮ್ಮನಾಗುತ್ತೇವೆ. ಆದರೆ ಒಂದು ದೇಶದಲ್ಲಿ, ಒಂದು ಕಾಲದಲ್ಲಿ, ಈ ಗಾದೆಯು ಯಾರೂ ಉದ್ದೇಶಿಸದೆಯೇ ಬಲು ದೊಡ್ಡ ಪರೀಕ್ಷೆಗೆ ಒಳಗಾಯಿತು. ಎರಡು ಜಡೆಗಳಲ್ಲ, ಲಕ್ಷಾಂತರ ಜಡೆಗಳು ಒಂದೆಡೆ ಸೇರಬೇಕಾಗಿ ಬಂದವು. 1939ರಿಂದ 1945ರವರೆಗೆ ನಡೆದ ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಹೆಂಗಸರ ಕಥೆಯನ್ನು ನಾವು ಇಲ್ಲಿ ಎತ್ತಿಕೊಂಡಿರುವುದು ಈ ಕಾರಣದಿಂದ. ಅವರು ಮಾಡಿದ ಕೆಲಸವೇನು, ಆ ಕೆಲಸದಲ್ಲಿ ಅವರ ನಡುವೆ ಬೆಳೆದ ಸ್ನೇಹ ಎಂತಹದು, ಆ ಸ್ನೇಹದಿಂದ ಅವರಿಗೆ ದೊರೆತದ್ದೇನು, ದೊರೆಯದೆ ಹೋದದ್ದೇನು ಎಂಬುದೇ ನಮ್ಮ ವಿಷಯ.

ಮೊದಲು, ಹೆಂಗಸರಿಗೂ ಯುದ್ಧಕ್ಕೂ ಸಂಬಂಧವೆಲ್ಲಿಂದ ಬಂದಿತು ಎಂಬುದನ್ನು ನೋಡೋಣ. ಹಿಂದಿನ ಕಾಲದ ಯುದ್ಧಗಳಲ್ಲಿ ರಣರಂಗವೆಂಬುದು ಊರಿನ ಹೊರಗಿನ ಒಂದು ಬಯಲು. ಗಂಡಸರು ಅಲ್ಲಿಗೆ ಹೋಗುವರು. ಹೆಂಗಸರು ಮನೆಯಲ್ಲಿ ಕುಳಿತು ಸುದ್ದಿಗಾಗಿ ಕಾಯುವರು. ವಿಮಾನವು ಬಂದ ಮೇಲೆ ಈ ಅಂತರ ಅಳಿದುಹೋಯಿತು. 1940ರ ಸೆಪ್ಟೆಂಬರ್ 7ರಂದು ಲಂಡನ್ನಿನ ಮೇಲೆ ಜರ್ಮನ್ ವಿಮಾನಗಳ ದೊಡ್ಡ ದಾಳಿ ಪ್ರಾರಂಭವಾಯಿತು. ಅಲ್ಲಿಂದ ಮುಂದೆ ಎಂಟು ವಾರಗಳ ಕಾಲ ಹೆಚ್ಚುಕಡಮೆ ಪ್ರತಿ ರಾತ್ರಿಯೂ ಆ ನಗರದ ಮೇಲೆ ಬಾಂಬುಗಳು ಬಿದ್ದವು. 1941ರ ಮೇ ತಿಂಗಳಲ್ಲಿ ಈ ದಾಳಿಗಳು ಕಡಮೆಯಾಗುವ ವೇಳೆಗೆ ದೇಶದಲ್ಲಿ 40,000ಕ್ಕೂ ಹೆಚ್ಚು ಮಂದಿ ಸಾಮಾನ್ಯ ನಾಗರಿಕರು ಸತ್ತಿದ್ದರು. ಅಡಿಗೆಯ ಮನೆಯೂ ಮಲಗುವ ಕೋಣೆಯೂ ರಣರಂಗಕ್ಕೆ ಸೇರಿಹೋದವು. ಇನ್ನೊಂದು ಕಡೆ, ಗಂಡಸರು ಸೈನ್ಯಕ್ಕೆ ಹೋದಂತೆಲ್ಲ ಕಾರ್ಖಾನೆಗಳೂ ಹೊಲಗಳೂ ಬರಿದಾದವು. ಸೈನಿಕನಿಗೆ ಗುಂಡು ಬೇಕು, ಅನ್ನ ಬೇಕು. ಇವೆರಡನ್ನೂ ಒದಗಿಸುವವರು ಯಾರು?

ಈ ಪ್ರಶ್ನೆಗೆ ಬ್ರಿಟನ್ನಿನ ಸರ್ಕಾರವು ಮೊದಲು ವಿನಂತಿಯಿಂದಲೂ, ಬಳಿಕ ಕಾನೂನಿನಿಂದಲೂ ಉತ್ತರ ಕಂಡುಕೊಂಡಿತು. 1941ರ ವಸಂತದಲ್ಲಿ ಹೆಂಗಸರು ತಮ್ಮ ಹೆಸರುಗಳನ್ನು ಕೆಲಸಕ್ಕಾಗಿ ದಾಖಲೆ ಮಾಡಿಸಬೇಕೆಂದು ಆಜ್ಞೆಯಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಬಂದ ಶಾಸನವು 20ರಿಂದ 30 ವರ್ಷದೊಳಗಿನ ಅವಿವಾಹಿತ ಸ್ತ್ರೀಯರನ್ನೂ ಮಕ್ಕಳಿಲ್ಲದ ವಿಧವೆಯರನ್ನೂ ಕಡ್ಡಾಯ ಸೇವೆಗೆ ಗುರಿಮಾಡಿತು. ಸೈನ್ಯದ ಸಹಾಯಕ ದಳಗಳು, ನಾಗರಿಕ ರಕ್ಷಣೆ, ಕಾರ್ಖಾನೆಯೇ ಮೊದಲಾದ ಅಗತ್ಯದ ಉದ್ಯೋಗಗಳು, ಇವುಗಳಲ್ಲಿ ಒಂದನ್ನು ಅವರು ಆರಿಸಿಕೊಳ್ಳಬೇಕು. 1943ರ ಮಧ್ಯಭಾಗದ ವೇಳೆಗೆ ದುಡಿಯುವ ವಯಸ್ಸಿನ ಅವಿವಾಹಿತ ಸ್ತ್ರೀಯರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯೂ, ವಿವಾಹಿತರಲ್ಲಿ ಹತ್ತಕ್ಕೆ ಎಂಟು ಮಂದಿಯೂ ಯಾವುದಾದರೊಂದು ಯುದ್ಧಕಾರ್ಯದಲ್ಲಿ ತೊಡಗಿದ್ದರೆಂದು ಲೆಕ್ಕವಿದೆ. ಬಡವರು, ಬಲ್ಲಿದರು, ಓದಿದವರು, ಓದದವರು, ನಗರದವರು, ಹಳ್ಳಿಯವರು ಎಲ್ಲರೂ ಇದರಲ್ಲಿ ಸೇರಿದ್ದರು.

ಕಾನೂನಿನ ಬಲವಂತವಿಲ್ಲದೆ ತಾವಾಗಿಯೇ ಮುಂದೆ ಬಂದವರ ಸಂಸ್ಥೆಯೊಂದನ್ನು ಮೊದಲು ಹೇಳಬೇಕು. ಅದು 1938ರಲ್ಲಿ, ಯುದ್ಧವು ಇನ್ನೂ ಬರುವುದಕ್ಕೆ ಮುಂಚೆಯೇ, ಹುಟ್ಟಿದ ಸ್ತ್ರೀಯರ ಸ್ವಯಂಸೇವಾ ಸಂಸ್ಥೆ. ಇದನ್ನು ಕಟ್ಟಿದವರು ಸ್ಟೆಲ್ಲಾ, ಲೇಡಿ ರೀಡಿಂಗ್. ಈ ಹೆಸರು ನಮ್ಮ ದೇಶಕ್ಕೆ ಅಪರಿಚಿತವಲ್ಲ. 1921ರಿಂದ 1926ರವರೆಗೆ ಭಾರತದ ವೈಸರಾಯರಾಗಿದ್ದ ಲಾರ್ಡ್ ರೀಡಿಂಗರ ಪರಿವಾರದಲ್ಲಿ ಆಕೆ ಕಾರ್ಯದರ್ಶಿನಿಯಾಗಿ ದಿಲ್ಲಿಯಲ್ಲಿ ಕೆಲಸ ಮಾಡಿದವರು. ಮುಂದೆ 1931ರಲ್ಲಿ ಅವರನ್ನೇ ಮದುವೆಯಾದರು. ವೈಸರಾಯರ ಆಸ್ಥಾನವೆಂದರೆ ಯಾರ ಮುಂದೆ ಯಾರು ನಡೆಯಬೇಕು, ಯಾರ ಪಕ್ಕದಲ್ಲಿ ಯಾರು ಕುಳಿತುಕೊಳ್ಳಬೇಕು ಎಂಬ ನಿಯಮಗಳ ಗೂಡು. ಅದನ್ನು ಕಣ್ಣಾರೆ ಕಂಡಿದ್ದ ಈ ಮಹಿಳೆಯು ತನ್ನ ಸಂಸ್ಥೆಯಲ್ಲಿ ಮಾತ್ರ ಸೈನ್ಯದಂತೆ ಪದವಿಯ ಮೆಟ್ಟಿಲುಗಳನ್ನು ಇರಿಸಲಿಲ್ಲ. ಸಮವಸ್ತ್ರದಲ್ಲಿ ಹೆಚ್ಚುಗಾರಿಕೆಯನ್ನು ಸೂಚಿಸುವ ಪಟ್ಟಿಗಳು ಇರಲಿಲ್ಲ. ಜಮೀನ್ದಾರರ ಹೆಂಡತಿಯೂ ಬಡಗಿಯ ಹೆಂಡತಿಯೂ ಒಂದೇ ಹಸುರು ಉಡುಪಿನವರು. ಆ ಉಡುಪನ್ನು ಕೊಂಡುಕೊಳ್ಳಬೇಕಾದುದೂ ತಮ್ಮ ತಮ್ಮ ಸ್ವಂತ ಹಣದಿಂದಲೇ. ಯುದ್ಧದ ನಡುವೆ ಈ ಸಂಸ್ಥೆಯ ಸದಸ್ಯೆಯರ ಸಂಖ್ಯೆಯು ಸುಮಾರು ಹತ್ತು ಲಕ್ಷಕ್ಕೆ ಮುಟ್ಟಿತು.

ಇವರು ಮಾಡಿದ ಕೆಲಸಗಳ ಪಟ್ಟಿಯನ್ನು ನೋಡಿದರೆ ಮೊದಲ ನೋಟಕ್ಕೆ ನಗು ಬಂದೀತು. ಚಹಾ ಕಾಸುವುದು, ಕಾಲುಚೀಲ ಹೆಣೆಯುವುದು, ಹಳೆಯ ಬಟ್ಟೆಯನ್ನು ಆರಿಸಿ ಒಪ್ಪಮಾಡುವುದು, ಫಿರಂಗಿಗಳನ್ನು ಶತ್ರುವಿಮಾನದ ಕಣ್ಣಿಗೆ ಮರೆಮಾಡುವ ಬಲೆಗಳಿಗೆ ಬಣ್ಣದ ಚಿಂದಿಗಳನ್ನು ಕಟ್ಟುವುದು. ಆದರೆ ಬಾಂಬು ಬಿದ್ದು ಮನೆ ನೆಲಸಮವಾದ ಮುಂಜಾನೆ, ಮೈಮೇಲಿನ ಬಟ್ಟೆಯ ಹೊರತು ಬೇರೇನೂ ಉಳಿಯದವನ ಪಾಲಿಗೆ ಒಂದು ಬಟ್ಟಲು ಬಿಸಿ ಚಹಾ, ಒಂದು ಕಂಬಳಿ, ತನ್ನ ಮನೆಯವರು ಯಾವ ಆಸ್ಪತ್ರೆಯಲ್ಲಿದ್ದಾರೆಂದು ಹೇಳುವ ಒಂದು ಮೇಜು, ಇವು ಎಷ್ಟು ದೊಡ್ಡವೆಂಬುದನ್ನು ಊಹಿಸಿಕೊಳ್ಳಬಹುದು. ಈ ಚಹಾದ ಗಾಡಿಗಳು ಬೆಂಕಿ ಇನ್ನೂ ಉರಿಯುತ್ತಿರುವ ಬೀದಿಗಳಿಗೆ ಹೋಗುತ್ತಿದ್ದವು. ಇನ್ನೂರಕ್ಕೂ ಹೆಚ್ಚು ಸ್ವಯಂಸೇವಕಿಯರು ಕೆಲಸದಲ್ಲಿದ್ದಾಗಲೇ ಪ್ರಾಣ ಕಳೆದುಕೊಂಡರು.

ಸೇರಿ ಕೆಲಸ ಮಾಡಿದ ಮಾತ್ರಕ್ಕೆ ಸ್ನೇಹ ತಾನಾಗಿ ಹುಟ್ಟಿತೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾದೀತು. ಯುದ್ಧವು ಘೋಷಿತವಾದದ್ದು 1939ರ ಸೆಪ್ಟೆಂಬರ್ 3ರಂದು. ಅದಕ್ಕೆ ಎರಡು ದಿನ ಮೊದಲೇ ದೊಡ್ಡ ನಗರಗಳಿಂದ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸುವ ಕೆಲಸ ಪ್ರಾರಂಭವಾಗಿತ್ತು. ಮೂರು ದಿನಗಳಲ್ಲಿ ಸುಮಾರು ಹದಿನೈದು ಲಕ್ಷ ಜನ, ಹೆಚ್ಚಾಗಿ ಶಾಲೆಯ ಮಕ್ಕಳೂ ಎಳೆಗೂಸುಗಳ ತಾಯಂದಿರೂ, ಗುರುತಿಲ್ಲದವರ ಮನೆಗಳಿಗೆ ಹೋಗಿ ಸೇರಿದರು. ಕತ್ತಿಗೆ ಹೆಸರಿನ ಚೀಟಿಯನ್ನು ಕಟ್ಟಿಸಿಕೊಂಡು ಬಂದ ಆ ಮಕ್ಕಳ ತಲೆಯಲ್ಲಿ ಹೇನು ಇದ್ದವು, ಕಾಲಲ್ಲಿ ಗಟ್ಟಿಯಾದ ಜೋಡು ಇರಲಿಲ್ಲ, ಹೊಸ ಜಾಗದ ಭಯಕ್ಕೆ ಹಾಸಿಗೆ ಒದ್ದೆಯಾಗುತ್ತಿದ್ದಿತು. ಮನೆಯೊಡತಿಯರು ಮೂಗು ಮುರಿದರು. ಪಟ್ಟಣದ ತಾಯಂದಿರಿಗೆ ಹಳ್ಳಿಯ ಮೌನವೂ ಆ ಮನೆಗಳ ಕಟ್ಟುಕಟ್ಟಳೆಯೂ ಸಹಿಸಲಿಲ್ಲ. ಮೊದಲ ಕೆಲವು ತಿಂಗಳು ಬಾಂಬು ಬೀಳಲಿಲ್ಲವಾದ್ದರಿಂದ ಅನೇಕರು ಮುನಿಸಿಕೊಂಡು ಹಿಂದಿರುಗಿದರು. ಗಾದೆಯೇ ಗೆದ್ದಿತೆಂದು ಯಾರಾದರೂ ಹೇಳಬಹುದಾಗಿದ್ದ ಕಾಲ ಅದು.

ಆದರೆ ಬೇರೆ ಬೇರೆ ಸಂಘಗಳಿಗೆ ಸೇರಿದ ಕೆಲವರು ಹೆಂಗಸರು ಮುನಿಸಿನಲ್ಲಿಯೇ ನಿಲ್ಲಲಿಲ್ಲ. ಆ ಮಕ್ಕಳು ಹಾಗಿದ್ದುದಕ್ಕೆ ಕಾರಣವೇನೆಂದು ಅವರು ವಿಚಾರಿಸಲು ಹೊರಟರು. ಬ್ರಿಟನ್ನಿನ ಮಂತ್ರಿಮಂಡಲದಲ್ಲಿ ಸ್ಥಾನ ಪಡೆದ ಮೊದಲನೆಯ ಸ್ತ್ರೀಯಾದ ಮಾರ್ಗರೆಟ್ ಬಾಂಡ್‌ಫೀಲ್ಡರು ಅಧ್ಯಕ್ಷೆಯಾಗಿದ್ದ ಒಂದು ಮಂಡಲಿಯು 1943ರಲ್ಲಿ ‘ಅವರ್ ಟೌನ್ಸ್’ ಎಂಬ ವರದಿಯನ್ನು ಪ್ರಕಟಿಸಿತು. ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಹಲವು ಮನೆಗಳಿಗೆ ಒಂದೇ ಕೊಳಾಯಿ, ಹೊಟ್ಟೆಗೆ ಸಾಲದ ಕೂಲಿ, ಇವುಗಳ ನಡುವೆ ಬೆಳೆದ ಮಗುವಿನಿಂದ ಬೇರೆಯದನ್ನು ನಿರೀಕ್ಷಿಸುವುದು ಸಲ್ಲದೆಂಬುದು ಜನಕ್ಕೆ ತಿಳಿಯುವಂತಾಯಿತು. ಎಲಿನಾರ್ ರ್‍ಯಾಥ್‌ಬೋನ್ ಎಂಬ ಪಾರ್ಲಿಮೆಂಟಿನ ಸದಸ್ಯೆಯು ಬಹುಕಾಲದಿಂದ ಕೇಳುತ್ತಿದ್ದ ಮಕ್ಕಳ ಭತ್ಯವು 1945ರಲ್ಲಿ ಶಾಸನವಾಯಿತು. ಆ ಹಣವು ತಂದೆಯ ಕೈಗಲ್ಲ, ತಾಯಿಯ ಕೈಗೆ ಸೇರಬೇಕೆಂದು ಆಕೆ ಹಟಹಿಡಿದು ಗೆದ್ದರು. ಒಬ್ಬಳ ಮಗುವನ್ನು ಇನ್ನೊಬ್ಬಳು ಮನೆಯಲ್ಲಿಟ್ಟುಕೊಂಡು ಬೈದದ್ದರಿಂದ ಪ್ರಾರಂಭವಾದ ಪರಿಚಯವು ಆ ಮಗುವಿನ ತಾಯಿಯ ಕಷ್ಟವನ್ನು ಅರಿಯುವಷ್ಟು ದೂರ ನಡೆದುಬಂದಿತು.

ಇನ್ನು ಕಾರ್ಖಾನೆಯ ಕಡೆಗೆ ಬರೋಣ. ಇಂಗ್ಲೆಂಡಿನ ಉತ್ತರದಲ್ಲಿ, ಡರ್‌ಹ್ಯಾಮ್ ಸೀಮೆಯ ಎಯ್ಕ್ಲಿಫ್ ಎಂಬಲ್ಲಿ ಸರ್ಕಾರದ ಒಂದು ಮದ್ದುಗುಂಡಿನ ಕಾರ್ಖಾನೆಯಿದ್ದಿತು. ಅಲ್ಲಿ ಸುಮಾರು 17,000 ಮಂದಿ ದುಡಿಯುತ್ತಿದ್ದರು. ಅವರಲ್ಲಿ ಬಹುಪಾಲು ಹೆಂಗಸರು. ಸುತ್ತಲಿನ ಗಣಿಯ ಹಳ್ಳಿಗಳಿಂದ ಬಸ್ಸುಗಳಲ್ಲಿಯೂ ರೈಲುಗಳಲ್ಲಿಯೂ ಬಂದು, ಹಗಲಿರುಳೆನ್ನದೆ ಮೂರು ಪಾಳಿಗಳಲ್ಲಿ ಗುಂಡುಗಳಿಗೆ ಮದ್ದು ತುಂಬುವುದು ಅವರ ಕೆಲಸ. ಇಂತಹ ಕಾರ್ಖಾನೆಗಳ ಬಾಗಿಲಿನಲ್ಲಿ ಒಂದು ಗಡಿ ಇರುತ್ತಿದ್ದಿತು. ಆ ಗಡಿಯ ಈಚೆ ತಮ್ಮ ಉಡುಪು, ಜೋಡು, ಬೆಂಕಿಪೊಟ್ಟಣ, ಆಭರಣ, ತಲೆಯ ಪಿನ್ನುಗಳೆಲ್ಲವನ್ನೂ ಬಿಚ್ಚಿಡಬೇಕು. ಆಚೆ ಕಾರ್ಖಾನೆಯ ಮೇಲಂಗಿಯನ್ನೂ ಬೇರೆ ಜೋಡನ್ನೂ ತೊಟ್ಟು ಒಳಕ್ಕೆ ಹೋಗಬೇಕು. ಒಂದು ಕಬ್ಬಿಣದ ಪಿನ್ನು ನೆಲಕ್ಕೆ ಬಿದ್ದು ಕಿಡಿ ಹಾರಿದರೂ ಎಷ್ಟೋ ಜೀವಗಳು ಹಾರಿಹೋಗುವ ಸಂಭವವಿದ್ದಿತು. ಬೇರೆ ಕಾರ್ಖಾನೆಗಳಲ್ಲಿ ಯಂತ್ರದ ಚಕ್ರಕ್ಕೆ ಕೂದಲು ಸಿಕ್ಕಿಕೊಳ್ಳದಂತೆ ಎಲ್ಲರೂ ಜಡೆಯನ್ನು ಟೊಪ್ಪಿಗೆಯೊಳಗೆ ಸೇರಿಸಿಕೊಳ್ಳಬೇಕಾಗಿದ್ದಿತು. ನಮ್ಮ ಗಾದೆಯ ಜಡೆಗಳು ಹೀಗೆ ಅಕ್ಷರಶಃ ಕಟ್ಟಿಸಿಕೊಂಡು ಒಂದೆಡೆ ಸೇರಿದವು.

ಇಂತಹ ಸ್ಥಳದಲ್ಲಿ ಗೆಳೆತನವೆಂದರೆ ಬಿಡುವಿನ ಹರಟೆಯಾಗಿರಲು ಸಾಧ್ಯವಿಲ್ಲ. ಪಕ್ಕದವಳ ಕೈ ನಡುಗಿದರೆ ತನ್ನ ಪ್ರಾಣಕ್ಕೆ ಅಪಾಯ. ಪಕ್ಕದವಳು ರಾತ್ರಿಯೆಲ್ಲ ಬಾಂಬಿನ ಭಯದಲ್ಲಿ ನಿದ್ದೆಗೆಟ್ಟಿದ್ದರೆ ಅವಳನ್ನು ಎಚ್ಚರವಾಗಿ ನೋಡಿಕೊಳ್ಳಬೇಕಾದವಳು ತಾನು. ತನ್ನ ಜೀವವನ್ನು ಇನ್ನೊಬ್ಬಳ ಕೈಯಲ್ಲಿಟ್ಟು ದಿನಕ್ಕೆ ಎಂಟು ಗಂಟೆ ದುಡಿದವರ ನಡುವೆ ಹುಟ್ಟುವ ಬಾಂಧವ್ಯವು ಕೆಲವೊಮ್ಮೆ ಒಡಹುಟ್ಟಿದವರಲ್ಲಿಯೂ ಇರಲಾರದು. ಈ ಗೆಳೆತನಕ್ಕೆ ರೇಡಿಯೋ ಸಹ ತನ್ನ ಪಾಲಿನ ಸೇವೆಯನ್ನು ಸಲ್ಲಿಸಿತೆಂಬುದನ್ನು ರೇಡಿಯೋ ಕೇಳುಗರಾದ ನಾವು ಸಂತೋಷದಿಂದ ನೆನೆಯಬಹುದು. 1940ರ ಜೂನಿನಲ್ಲಿ ಬಿ.ಬಿ.ಸಿ.ಯು ಕಾರ್ಖಾನೆಗಳಿಗಾಗಿಯೇ ದಿನಕ್ಕೆ ಎರಡು ಸಲ ಸಂಗೀತವನ್ನು ಪ್ರಸಾರಮಾಡಲು ತೊಡಗಿತು. ಧ್ವನಿವರ್ಧಕಗಳಿಂದ ಬಂದ ಆ ಸಂಗೀತಕ್ಕೆ ಸಾವಿರಾರು ಹೆಂಗಸರು ಒಟ್ಟಾಗಿ ದನಿಗೂಡಿಸಿದರು. ರಾಗಿ ಬೀಸುವಾಗಲೂ ನಾಟಿ ಹಾಕುವಾಗಲೂ ಪದ ಹೇಳಿಕೊಂಡು ಆಯಾಸವನ್ನು ಹಂಚಿಕೊಂಡ ನಮ್ಮ ಹಳ್ಳಿಯ ಹೆಂಗಸರಿಗೆ ಈ ಗುಟ್ಟು ಯಾರೂ ಹೇಳಿಕೊಡಬೇಕಾದುದಲ್ಲ.

ಅದೇ ವರ್ಷ, ಬೆಳಗಿನ ಸುದ್ದಿಯ ತರುವಾಯ, ಅಡಿಗೆಯ ಮನೆಯವರಿಗಾಗಿ ಐದು ನಿಮಿಷದ ಭಾಷಣಗಳೂ ಪ್ರಾರಂಭವಾದವು. 1940ರ ಜನವರಿಯಿಂದ ಬೆಣ್ಣೆ, ಸಕ್ಕರೆ, ಉಪ್ಪು ಹಾಕಿದ ಹಂದಿಯ ಮಾಂಸ ಇವು ಪಡಿಚೀಟಿಗೆ ಮಾತ್ರ ದೊರೆಯುತ್ತಿದ್ದವು; ಜುಲೈಯಲ್ಲಿ ಚಹಾಪುಡಿಯೂ ತಲೆಗೆ ವಾರಕ್ಕೆ ಎರಡು ಔನ್ಸಿಗೆ ಇಳಿಯಿತು; 1941ರ ಜೂನಿನಿಂದ ಬಟ್ಟೆಗೂ ಚೀಟಿ ಬಂದಿತು. ಇರುವ ಅಲ್ಪದಲ್ಲಿ ಮನೆಯವರ ಹೊಟ್ಟೆಯನ್ನು ಹೇಗೆ ತುಂಬಿಸಬೇಕೆಂಬುದೇ ಆ ಭಾಷಣಗಳ ವಿಷಯ. ಹಳ್ಳಿಗಳಲ್ಲಿ ಸ್ತ್ರೀಯರ ಸಂಘಗಳು ಸರ್ಕಾರ ಕೊಟ್ಟ ಸಕ್ಕರೆಯನ್ನು ತೆಗೆದುಕೊಂಡು, ಕೊಳೆತುಹೋಗಲಿದ್ದ ಹಣ್ಣುಗಳನ್ನೆಲ್ಲ ಒಟ್ಟುಗೂಡಿಸಿ, 1940ರಲ್ಲಿ 1,600 ಟನ್ನುಗಳಿಗೂ ಹೆಚ್ಚು ಹಣ್ಣಿನ ಪಾಕವನ್ನು ಕಾಯಿಸಿಟ್ಟವು. ಹಪ್ಪಳ ಸಂಡಿಗೆಗೆ ನೆರೆಮನೆಯವರನ್ನು ಕೂಗಿಕೊಂಡು ಮಾಳಿಗೆಯ ಮೇಲೆ ಸೇರುವ ನಮ್ಮ ತಾಯಂದಿರು ಈ ದೃಶ್ಯವನ್ನು ಕಂಡಿದ್ದರೆ ತಮ್ಮದೇ ಎಂದುಕೊಳ್ಳುತ್ತಿದ್ದರು.

ಮೂರನೆಯದು ಹೊಲದ ಕೆಲಸ. ಬ್ರಿಟನ್ನು ತನಗೆ ಬೇಕಾದ ಆಹಾರದ ಬಹುಭಾಗವನ್ನು ಹೊರದೇಶಗಳಿಂದ ಹಡಗುಗಳಲ್ಲಿ ತರಿಸಿಕೊಳ್ಳುತ್ತಿದ್ದ ದೇಶ. ಜರ್ಮನರ ಜಲಾಂತರ್ಗಾಮಿಗಳು ಆ ಹಡಗುಗಳನ್ನು ಮುಳುಗಿಸತೊಡಗಿದುವು. ಬೀಳುಬಿದ್ದ ನೆಲವನ್ನೆಲ್ಲ ಉಳಬೇಕು, ಉಳುವ ಗಂಡಸರಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಸ್ಥಾಪಿತವಾಗಿದ್ದ ಸ್ತ್ರೀಯರ ಭೂಸೇನೆಯನ್ನು 1939ರ ಜೂನಿನಲ್ಲಿ ಮತ್ತೆ ಕಟ್ಟಲಾಯಿತು. ಅದರ ನಾಯಕಿ ಲೇಡಿ ಡೆನ್ಮನ್. ಸಸೆಕ್ಸ್ ಸೀಮೆಯ ಬಾಲ್ಕೋಂಬಿನಲ್ಲಿದ್ದ ತಮ್ಮ ಮನೆಯನ್ನೇ ಆಕೆ ಅದರ ಕಚೇರಿಗೆ ಬಿಟ್ಟುಕೊಟ್ಟರು. ಉಚ್ಛ್ರಾಯದ ಕಾಲದಲ್ಲಿ 80,000ಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು. ಇವರಲ್ಲಿ ಸುಮಾರು ಮೂರನೆಯ ಒಂದು ಪಾಲು ಲಂಡನ್ನಿನಿಂದಲೂ ಉತ್ತರದ ಕೈಗಾರಿಕೆಯ ಪಟ್ಟಣಗಳಿಂದಲೂ ಬಂದವರು. ನಿನ್ನೆಯವರೆಗೆ ಅಂಗಡಿಯಲ್ಲಿ ರಿಬ್ಬನ್ ಮಾರಿದವಳು, ಕಚೇರಿಯಲ್ಲಿ ಬೆರಳಚ್ಚು ಮಾಡಿದವಳು, ಇಂದು ರಬ್ಬರಿನ ಕೃತಕ ಕೆಚ್ಚಲಿನ ಮೇಲೆ ಹಾಲು ಕರೆಯುವುದನ್ನು ಅಭ್ಯಾಸಮಾಡಿ, ನಾಳೆ ನಸುಕಿನಲ್ಲಿ ನಿಜವಾದ ಹಸುವಿನ ಮುಂದೆ ಕುಳಿತಳು. ಉಳುಮೆ, ಕುಯಿಲು, ಒಕ್ಕಣೆ, ಇಲಿ ಹಿಡಿಯುವುದು, ಹಳ್ಳ ತೋಡುವುದು, ಯಾವುದನ್ನೂ ಅವರು ಬಿಡಲಿಲ್ಲ. ಹುಡುಗಿಯರಿಂದ ಏನಾದೀತೆಂದು ತಾತ್ಸಾರಮಾಡಿದ್ದ ರೈತರಲ್ಲಿ ಅನೇಕರು ಬರಬರುತ್ತ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು.

ಈ ಭೂಸೇನೆಯ ಅನುಭವವು ಸ್ನೇಹದ ಸ್ವಭಾವವನ್ನು ಕುರಿತು ಒಂದು ಮುಖ್ಯ ವಿಷಯವನ್ನು ತಿಳಿಸುತ್ತದೆ. ಒಂಟಿ ತೋಟದ ಮನೆಯಲ್ಲಿ ಒಬ್ಬಳೇ ಇರಬೇಕಾಗಿ ಬಂದ ಹುಡುಗಿಗೆ ಬೆನ್ನುನೋವಿಗಿಂತಲೂ ಏಕಾಕಿತನವೇ ಹೆಚ್ಚಿನ ಕಷ್ಟವಾಯಿತು. ಹತ್ತಿಪ್ಪತ್ತು ಮಂದಿ ಒಂದು ವಸತಿಗೃಹದಲ್ಲಿದ್ದು, ಬೆಳಗ್ಗೆ ಒಂದೇ ಲಾರಿಯಲ್ಲಿ ಹೊಲಕ್ಕೆ ಹೋಗಿ, ಸಂಜೆ ಕೆಸರುಗಾಲಿನಲ್ಲಿ ಹಿಂದಿರುಗಿ, ಒಂದೇ ಒಲೆಯ ಸುತ್ತ ಒದ್ದೆಯ ಬಟ್ಟೆಯನ್ನು ಒಣಗಿಸಿಕೊಂಡವರಿಗೆ ಅದೇ ಕೆಲಸವು ಸಹ್ಯವಾಯಿತು. ಸ್ನೇಹವಿದ್ದುದರಿಂದ ಕೆಲಸ ನಡೆಯಿತು. ಕೆಲಸವಿದ್ದುದರಿಂದ ಸ್ನೇಹ ಬೆಳೆಯಿತು. ಇವುಗಳಲ್ಲಿ ಯಾವುದು ಬೀಜ, ಯಾವುದು ವೃಕ್ಷ ಎಂದು ಬೇರ್ಪಡಿಸುವುದು ಕಷ್ಟ.

ಇಷ್ಟು ದೊಡ್ಡ ಸಂಖ್ಯೆಗಳ ನಡುವೆ ಒಬ್ಬಳ ಮುಖವನ್ನು ಕಾಣದಿದ್ದರೆ ವಿಷಯವು ಮನಸ್ಸಿಗೆ ತಟ್ಟಲಾರದು. ವಾಯವ್ಯ ಇಂಗ್ಲೆಂಡಿನ ಬ್ಯಾರೋ ಎಂಬ ಹಡಗು ಕಟ್ಟುವ ಪಟ್ಟಣದಲ್ಲಿ ನೆಲ್ಲಾ ಲಾಸ್ಟ್ ಎಂಬ ಗೃಹಿಣಿ ಇದ್ದರು. ಬಡಗಿಯ ಹೆಂಡತಿ, ಬೆಳೆದ ಇಬ್ಬರು ಗಂಡುಮಕ್ಕಳ ತಾಯಿ, ಯುದ್ಧ ಬಂದಾಗ ವಯಸ್ಸು 49. ಸಾಮಾನ್ಯ ಜನರ ಜೀವನವನ್ನು ದಾಖಲಿಸುವುದಕ್ಕಾಗಿ 1937ರಲ್ಲಿ ಹುಟ್ಟಿದ್ದ ‘ಮಾಸ್ ಅಬ್ಸರ್ವೇಷನ್’ ಎಂಬ ಸಂಸ್ಥೆಗೆ ಆಕೆ 1939ರಿಂದ ದಿನಚರಿಯನ್ನು ಬರೆದು ಕಳುಹಿಸುತ್ತ ಬಂದರು. ಯುದ್ಧ ಮುಗಿದ ಮೇಲೆಯೂ ನಿಲ್ಲಿಸದೆ 1966ರವರೆಗೂ ಬರೆದರು. ಯುದ್ಧಕ್ಕೆ ಮುಂಚೆ ಆಕೆಯ ಆರೋಗ್ಯ ಕೆಟ್ಟಿದ್ದಿತು, ಮನಸ್ಸು ಕುಗ್ಗಿದ್ದಿತು. ಗಂಡನ ಇಷ್ಟಾನಿಷ್ಟಗಳ ಸುತ್ತ ದಿನಗಳು ಸವೆಯುತ್ತಿದ್ದವು. ಸ್ವಯಂಸೇವಾ ಸಂಸ್ಥೆಯ ಕೇಂದ್ರಕ್ಕೆ ಹೋಗಲು ತೊಡಗಿ, ಹೊಲಿಗೆ, ಚಹಾದ ಗಾಡಿ, ಯುದ್ಧಕೈದಿಗಳ ಸಹಾಯಕ್ಕಾಗಿ ನಡೆಸಿದ ಅಂಗಡಿ, ಇವುಗಳಲ್ಲಿ ಇತರ ಹೆಂಗಸರೊಡನೆ ದುಡಿದಂತೆಲ್ಲ ಆಕೆಗೆ ತನ್ನಲ್ಲಿಯೂ ಒಂದು ಶಕ್ತಿಯಿದೆ ಎಂಬ ಅರಿವು ಮೂಡಿತು. 1941ರ ವಸಂತದಲ್ಲಿ ಬ್ಯಾರೋದ ಮೇಲೆಯೂ ಬಾಂಬುಗಳು ಬಿದ್ದವು. ಆಕೆಯ ಮನೆಯೂ ಪೆಟ್ಟು ತಿಂದಿತು. ಆದರೂ ಕೇಂದ್ರದ ಕೆಲಸ ನಿಲ್ಲಲಿಲ್ಲ. ಆ ದಿನಚರಿಯ ಒಂದು ಭಾಗವು 1981ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ಯುದ್ಧವೆಂಬ ಮಹಾ ಅನಿಷ್ಟದ ನಡುವೆ ಒಬ್ಬ ಹೆಂಗಸು ತನ್ನ ಮನೆಯ ಹೊಸಿಲನ್ನು ದಾಟಿ ತನ್ನನ್ನು ತಾನು ಕಂಡುಕೊಂಡ ವೃತ್ತಾಂತವು ಅದರಲ್ಲಿದೆ.

ಇಲ್ಲಿಯವರೆಗೆ ಹೇಳಿದುದು ಸಂತೋಷದ ಭಾಗ. ಇನ್ನು ಹೇಳಬೇಕಾದುದು ನ್ಯಾಯದ ಪ್ರಶ್ನೆ. ಒಟ್ಟಿಗೆ ದುಡಿದವರು ಎಂದಾದರೊಂದು ದಿನ ತಮ್ಮ ತಮ್ಮ ಕೂಲಿಯನ್ನು ಹೋಲಿಸಿ ನೋಡದೆ ಇರುವುದಿಲ್ಲ. ಭೂಸೇನೆಯ ಹುಡುಗಿಗೆ ಪ್ರಾರಂಭದಲ್ಲಿ ವಾರಕ್ಕೆ 28 ಷಿಲಿಂಗು. ಅದರಲ್ಲಿ ಅರ್ಧದಷ್ಟು ಊಟ ವಸತಿಗೇ ಕಳೆದುಹೋಗುತ್ತಿದ್ದಿತು. ಅದೇ ಹೊಲದ ಗಂಡಾಳಿಗೆ ಸುಮಾರು 38 ಷಿಲಿಂಗು. ಕಾರ್ಖಾನೆಗಳಲ್ಲಿ ಹೆಂಗಸರ ಸರಾಸರಿ ಸಂಪಾದನೆಯು ಗಂಡಸರ ಸಂಪಾದನೆಯ ಅರ್ಧಕ್ಕಿಂತ ಬಹಳ ಮೇಲೇರಲಿಲ್ಲ. ಇದಕ್ಕಿಂತಲೂ ವಿಚಿತ್ರವಾದುದು ಗಾಯದ ಪರಿಹಾರ. ಬಾಂಬಿನಿಂದ ಗಾಯಗೊಂಡ ಹೆಂಗಸಿಗೆ ಗಂಡಸಿಗಿಂತ ವಾರಕ್ಕೆ ಏಳು ಷಿಲಿಂಗು ಕಡಮೆ ಕೊಡಬೇಕೆಂದು ಸರ್ಕಾರದ ನಿಯಮವಿದ್ದಿತು. ಬಾಂಬು ಬೀಳುವಾಗ ಗಂಡು ಹೆಣ್ಣೆಂದು ನೋಡಲಿಲ್ಲ. ಲೆಕ್ಕದ ಗುಮಾಸ್ತೆ ಮಾತ್ರ ನೋಡಿದನು. ಪಾರ್ಲಿಮೆಂಟಿನಲ್ಲಿ ಮೇವಿಸ್ ಟೇಟ್ ಎಂಬ ಸದಸ್ಯೆಯೂ ಇತರ ಪಕ್ಷಗಳ ಸ್ತ್ರೀಸದಸ್ಯೆಯರೂ ಪಕ್ಷಭೇದವನ್ನು ಮರೆತು ಇದನ್ನು ಎದುರಿಸಿದರು. 1943ರಲ್ಲಿ ಈ ಭೇದವು ತೊಲಗಿತು. ಎದುರುಬದುರು ಪಂಕ್ತಿಗಳಲ್ಲಿ ಕುಳಿತವರೂ ಒಂದು ಕೆಲಸಕ್ಕಾಗಿ ಗೆಳತಿಯರಾಗಬಲ್ಲರೆಂಬುದಕ್ಕೆ ಇದು ಸಾಕ್ಷಿ.

ಅದೇ ವರ್ಷ ಶರತ್ಕಾಲದಲ್ಲಿ ಗ್ಲಾಸ್ಗೋ ಬಳಿಯ ಹಿಲ್ಲಿಂಗ್ಟನ್ನಿನ ವಿಮಾನಯಂತ್ರದ ಕಾರ್ಖಾನೆಯಲ್ಲಿ ಸುಮಾರು 16,000 ಮಂದಿ ಕೆಲಸವನ್ನು ನಿಲ್ಲಿಸಿ ಹೊರಕ್ಕೆ ಬಂದರು. ಇವರಲ್ಲಿ ಹೆಚ್ಚಿನವರು ಹೆಂಗಸರು. ಗಂಡಸರು ಅನೇಕರು ಅವರ ಜೊತೆಗೆ ನಿಂತರು. ಗಂಡಸರು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿದ್ದರೂ ಹೆಂಗಸರನ್ನು ಕೆಳಗಿನ ದರ್ಜೆಗೆ ಸೇರಿಸಿದ್ದುದೇ ಜಗಳದ ಮೂಲ. ಕೊನೆಗೆ ಆದ ಒಪ್ಪಂದದಲ್ಲಿ ಪ್ರತಿಯೊಂದು ಯಂತ್ರದ ಹೆಸರನ್ನೂ ಬರೆದು, ಅದರ ಮುಂದೆ ಯಾರು ನಿಂತರೂ ಅದರ ಕೂಲಿ ಇಷ್ಟು ಎಂದು ಗೊತ್ತುಮಾಡಲಾಯಿತು. ಇದೊಂದು ಸರಳವಾದ ಉಪಾಯ. ಆದರೆ ಇದರಲ್ಲಿ ಅಡಗಿದ್ದ ತತ್ತ್ವವು ದೊಡ್ಡದು. ಮಾರನೆಯ ವರ್ಷ, 1944ರ ಮಾರ್ಚಿಯಲ್ಲಿ, ಉಪಾಧ್ಯಾಯಿನಿಯರಿಗೆ ಸಮಾನ ವೇತನ ಕೊಡಬೇಕೆಂಬ ತಿದ್ದುಪಡಿಯು ಪಾರ್ಲಿಮೆಂಟಿನಲ್ಲಿ 116ಕ್ಕೆ ಎದುರಾಗಿ 117 ಮತಗಳಿಂದ ಗೆದ್ದಿತು. ಒಂದೇ ಒಂದು ಮತದ ಈ ಗೆಲವನ್ನು ಪ್ರಧಾನಮಂತ್ರಿ ಚರ್ಚಿಲ್ಲರು ಸಹಿಸಲಿಲ್ಲ. ಅದನ್ನು ಸರ್ಕಾರದ ಮೇಲಿನ ವಿಶ್ವಾಸದ ಪ್ರಶ್ನೆಯನ್ನಾಗಿ ಮಾಡಿ, ಎರಡೇ ದಿನಗಳಲ್ಲಿ ತಿದ್ದುಪಡಿಯನ್ನು ರದ್ದುಗೊಳಿಸಿದರು.

ಯುದ್ಧ ಮುಗಿಯಿತು, ಹೆಂಗಸರನ್ನು ಕರೆದವರೇ ಇನ್ನು ಮನೆಗೆ ಹೋಗಿರೆಂದರು. ದುಡಿಯುವ ತಾಯಂದಿರಿಗಾಗಿ ಸಾವಿರಕ್ಕೂ ಮೇಲ್ಪಟ್ಟು ತೆರೆದಿದ್ದ ಶಿಶುವಿಹಾರಗಳಲ್ಲಿ ಬಹುಪಾಲು ಮುಚ್ಚಿದವು. ಭೂಸೇನೆಯವರಿಗೆ ಇತರ ದಳದವರಂತೆ ನಿವೃತ್ತಿಯ ಧನವಿಲ್ಲವೆಂದು ಸರ್ಕಾರವು ಹೇಳಿತು. ಲೇಡಿ ಡೆನ್ಮನ್ನರು ಇದನ್ನು ಪ್ರತಿಭಟಿಸಿ 1945ರ ಫೆಬ್ರವರಿಯಲ್ಲಿ ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಮೇಲಿನ ಸ್ಥಾನದಲ್ಲಿದ್ದವಳು ಕೆಸರಿನಲ್ಲಿ ನಿಂತವಳಿಗಾಗಿ ಬಿಟ್ಟುಕೊಟ್ಟ ಆ ಸ್ಥಾನವೂ ಗೆಳೆತನದ ಒಂದು ರೂಪವೆಂದೇ ನಾವು ಎಣಿಸುತ್ತೇವೆ. ಭೂಸೇನೆಯು 1950ರ ನವೆಂಬರಿನಲ್ಲಿ ವಿಸರ್ಜನೆಯಾಯಿತು. ಬದುಕಿ ಉಳಿದಿದ್ದ ಅದರ ಸದಸ್ಯೆಯರಿಗೆ ಸರ್ಕಾರವು ಗೌರವದ ಬಿಲ್ಲೆಯನ್ನು ಕೊಟ್ಟದ್ದು 2008ರಲ್ಲಿ. ಆ ಹುಡುಗಿಯರು ಆಗ ಮುತ್ತಜ್ಜಿಯರಾಗಿದ್ದರು. ಸಮಾನ ವೇತನದ ಶಾಸನವು 1970ರಲ್ಲಿ ಬಂದು 1975ರ ಕೊನೆಗೆ ಜಾರಿಗೆ ಬಂದಿತು. ಅಷ್ಟು ದೀರ್ಘಕಾಲದವರೆಗೆ ಅವರ ಕೈಯಲ್ಲಿ ಉಳಿದದ್ದು ಮುಖ್ಯವಾಗಿ ಸ್ನೇಹವೊಂದೇ. ವರ್ಷಕ್ಕೊಮ್ಮೆ ಸೇರುವ ಕೂಟಗಳು, ಹಬ್ಬಕ್ಕೆ ತಪ್ಪದೆ ಬರುವ ಕಾಗದಗಳು, ಒಬ್ಬಳ ಮಗಳಿಗೆ ಇನ್ನೊಬ್ಬಳ ಹೆಸರು, ಹೀಗೆ ಎಷ್ಟೋ ಮಂದಿಯ ನಡುವೆ ಅದು ಮುಪ್ಪಿನವರೆಗೂ ಬಾಳಿತು.

ಬ್ರಿಟನ್ನಿನ ಈ ಕಥೆಯನ್ನು ಮೆಚ್ಚುವಾಗ ಅದೇ ಸಾಮ್ರಾಜ್ಯಕ್ಕೆ ಆಗ ಒಳಪಟ್ಟಿದ್ದ ನಮ್ಮ ದೇಶವನ್ನು ಮರೆಯುವುದು ಉಚಿತವಲ್ಲ. ಅದೇ ಯುದ್ಧಕ್ಕೆ ನಮ್ಮ ಸ್ತ್ರೀಯರೂ ಬೆಲೆ ತೆತ್ತರು. ಜಪಾನಿನ ರೇಷ್ಮೆ ನಿಂತುಹೋದಾಗ ಪ್ಯಾರಾಚೂಟುಗಳಿಗಾಗಿ ಮೈಸೂರಿನ ರೇಷ್ಮೆಗೆ ಬೇಡಿಕೆ ಏರಿತು. ಕುದಿಯುವ ನೀರಿನ ಮುಂದೆ ಕುಳಿತು ಗೂಡಿನಿಂದ ಎಳೆ ಬಿಚ್ಚಿದ ಕೈಗಳಲ್ಲಿ ನಮ್ಮ ಹೆಂಗಸರ ಕೈಗಳೂ ಇದ್ದವು. 1943ರಲ್ಲಿ, ಬ್ರಿಟನ್ನಿನ ಮನೆಮನೆಗೂ ಪಡಿಚೀಟಿಯ ಪ್ರಕಾರ ಆಹಾರವು ತಪ್ಪದೆ ಸಲ್ಲುತ್ತಿದ್ದಾಗ, ಬಂಗಾಳದಲ್ಲಿ ಸುಮಾರು ಮೂವತ್ತು ಲಕ್ಷ ಜನ ಕ್ಷಾಮದಲ್ಲಿಯೂ ಅದರ ಬೆನ್ನಿಗೆ ಬಂದ ರೋಗಗಳಲ್ಲಿಯೂ ಸತ್ತರು. ಅಲ್ಲಿಯೂ ಹೆಂಗಸರು ಕೈಕಟ್ಟಿ ಕುಳಿತಿರಲಿಲ್ಲ. 1942ರಲ್ಲಿ ಹುಟ್ಟಿದ್ದ ಮಹಿಳಾ ಆತ್ಮರಕ್ಷಾ ಸಮಿತಿಯವರು ಗಂಜಿಯ ಕೇಂದ್ರಗಳನ್ನು ನಡೆಸಿದರು. ಅವರ ಬಳಿ ಲಾರಿಗಳಿರಲಿಲ್ಲ, ಸರ್ಕಾರದ ಸಕ್ಕರೆಯಿರಲಿಲ್ಲ. ಹಂಡೆ, ಸೌಟು, ಪಕ್ಕದಲ್ಲಿ ನಿಲ್ಲುವ ಇನ್ನೊಬ್ಬಳು, ಇಷ್ಟೇ. ಲಂಡನ್ನಿನ ಬೀದಿಯಲ್ಲಿ ಚಹಾ ಹಂಚಿದವಳೂ ಕಲ್ಕತ್ತೆಯ ಬೀದಿಯಲ್ಲಿ ಗಂಜಿ ಬಡಿಸಿದವಳೂ ಒಬ್ಬರನ್ನೊಬ್ಬರು ಅರಿಯರು; ಆದರೆ ಅವರ ತೋಳುಗಳ ನೋವು ಒಂದೇ.

ಇಷ್ಟನ್ನೂ ನೋಡಿದ ಮೇಲೆ ನಮ್ಮ ಗಾದೆಗೆ ಹಿಂದಿರುಗಬಹುದು. ಎರಡು ಜಡೆಗಳು ಏಕೆ ಸೇರುವುದಿಲ್ಲ? ಒಂದೇ ಅಡಿಗೆಯ ಮನೆಯ ಒಂದೇ ಸೌಟಿಗಾಗಿ, ಒಬ್ಬನೇ ಯಜಮಾನನ ಒಂದು ಒಳ್ಳೆಯ ಮಾತಿಗಾಗಿ ಇಬ್ಬರನ್ನು ಎದುರುಬದುರಾಗಿ ನಿಲ್ಲಿಸಿದರೆ ಜಡೆಗಳೇನು, ಜುಟ್ಟುಗಳೂ ಸೇರಲಾರವು. ಅದೇ ಇಬ್ಬರಿಗೆ ಒಬ್ಬರಿಂದ ಎತ್ತಲಾಗದ ಒಂದು ಹೊರೆಯನ್ನು ಕೊಟ್ಟು, ಪಕ್ಕಪಕ್ಕದಲ್ಲಿ ನಿಲ್ಲಿಸಿ, ದುಡಿದುದಕ್ಕೆ ತಕ್ಕ ಕೂಲಿಯನ್ನೂ ಮರ್ಯಾದೆಯನ್ನೂ ಕೊಟ್ಟರೆ ಏನಾಗುವುದೆಂಬುದನ್ನು ಮೇಲಿನ ವೃತ್ತಾಂತವು ತೋರಿಸುತ್ತದೆ. ಹೊರೆಯನ್ನು ಕೊಡಲು ಒಂದು ಮಹಾಯುದ್ಧವೇ ಬರಬೇಕಾಯಿತೆಂಬುದು ದುಃಖದ ಸಂಗತಿ; ಕೂಲಿಯನ್ನೂ ಮರ್ಯಾದೆಯನ್ನೂ ಕೊಡುವುದಕ್ಕೆ ಯುದ್ಧ ಮುಗಿದ ಮೇಲೆಯೂ ಮೂವತ್ತು ವರ್ಷ, ಅರುವತ್ತು ವರ್ಷ ಹಿಡಿಯಿತೆಂಬುದು ನಾಚಿಕೆಯ ಸಂಗತಿ. ಶಾಂತಿಯ ಕಾಲದಲ್ಲಿಯೂ ಎತ್ತಬೇಕಾದ ಹೊರೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟು ಇವೆ. ನಮ್ಮ ಮನೆಯ ಹೆಣ್ಣುಮಕ್ಕಳು ಗೆಳತಿಯರೊಡನೆ ಸೇರಿ ಒಂದು ಕೆಲಸಕ್ಕೆ ಹೊರಟಾಗ, ಗಾದೆಯನ್ನು ಹೇಳಿ ನಗುವುದನ್ನು ಬಿಟ್ಟು, ಬಾಗಿಲನ್ನು ತೆರೆದು ದಾರಿ ಬಿಡುವಷ್ಟನ್ನಾದರೂ ನಾವು ಕಲಿತುಕೊಳ್ಳೋಣ.